ಖಾಲಿ ಸೈಟಿನ ತುಂಬೆ ಹೂ

ತುಂಬೆ ಹೂವನ್ನು ಯಾರೂ ಮಾರುವುದಿಲ್ಲ. ಇದು ನನಗೆ ಗೊತ್ತಾದದ್ದು ಶಿಗ್ಗಾವಿಯ ಮಾರ್ಕೆಟ್ಟಿನಲ್ಲಿ, ಸವಣೂರಿನಿಂದ ಬಸ್ಸಿಗೆ ಬುಟ್ಟಿ ಹೇರಿಕೊಂಡು ಬರುವ ಹೂವಿನಾಕೆಯ ಮುಂದೆ ನಿಂತಾಗ. ನಾನು ಕೇಳಿದ್ದೇ ತಡ, ಆಕೆ ಸೇವಂತಿಗೆಗೆ ನೀರು ಚಿಮುಕಿಸುವುದನ್ನು ಬಿಟ್ಟು ನಕ್ಕುಬಿಟ್ಟಳು.

"ತುಂಬಿ ಹೂವ ಯಾರ ಮಾರ್ತಾರ್ರಿ ಅಕ್ಕಾರ? ದಾರದಾಗ ಪೋಣಸಾಕ ಬರಂಗಿಲ್ಲ, ತಕ್ಕಡ್ಯಾಗ ತೂಗಾಕ ಬರಂಗಿಲ್ಲ. ಎಲ್ಲೆರ ಬದುವಿನ್ಯಾಗ ಹುಡಿಕ್ರಿ."

ಬದು ಹುಡುಕಲು ನಾನೇನು ಹೊಲದಲ್ಲಿದ್ದೇನೆಯೇ? ಶಿಗ್ಗಾವಿಯ ಹೊಸ ಬಡಾವಣೆಯಲ್ಲಿ ನಮ್ಮ ಮನೆ. ಅಂಗಳಕ್ಕೆಲ್ಲ ಫರಸಿಕಲ್ಲು ಹಾಸಿದೆ. ಹುಲ್ಲುಕಡ್ಡಿ ಎದ್ದರೂ ನಮ್ಮ ಮನೆಯವರು ಕಿತ್ತೆಸೆಯುತ್ತಾರೆ. ಅವರದು ಬೀಜ-ಗೊಬ್ಬರದ ಅಂಗಡಿ. ಹೊಲದ ಕಸ ಸುಡುವ ಎಣ್ಣೆಯ, ಅಂದರೆ ಕಳೆನಾಶಕದ, ಡಬ್ಬಿಗಳನ್ನು ಅಲ್ಲಿ ಗೋಡೆಯುದ್ದಕ್ಕೂ ಪೇರಿಸಿಟ್ಟಿದ್ದಾರೆ. ಅವರ ಪಾಲಿಗೆ ತುಂಬೆಯೆಂದರೆ ಕಸ, ಅಷ್ಟೇ.

ನಮ್ಮವ್ವನಿಗೆ ಹಾಗಲ್ಲ. ಹಿರೇಕೆರೂರಿನ ಹತ್ತಿರದ ಹಳ್ಳಿಯಲ್ಲಿ ಅವಳು ದಿನಾ ನಸುಕಿನಲ್ಲಿ ಸ್ನಾನ ಮಾಡಿ, ಬದುವಿಗೆ ಹೋಗಿ ತುಂಬೆ ಬಿಡಿಸಿಕೊಂಡು ಬಂದು, ಅಂಗೈಯಲ್ಲಿ ಲಿಂಗವಿಟ್ಟುಕೊಂಡು ಪೂಜೆಗೆ ಕೂರುವಳು. ಅದಾಗುವವರೆಗೆ ಬಾಯಿಗೆ ಒಂದು ಗುಟುಕು ನೀರನ್ನೂ ಹಾಕಳು. ಹುಬ್ಬಳ್ಳಿಯಲ್ಲಿ ಕಣ್ಣಿನ ಆಪರೇಷನ್ ಮಾಡಿಸಿ ಅವಳನ್ನು ನೇರ ನನ್ನ ಮನೆಗೆ ಕರೆದುಕೊಂಡು ಬಂದಾಗ, ಡಾಕ್ಟರು ಹೇಳಿದ ಮಾತು ಎರಡು. ಸದ್ಯ ಬಗ್ಗಬಾರದು. ಬೆಳಿಗ್ಗೆ ಹೊತ್ತಿಗೆ ಸರಿಯಾಗಿ ತಿಂದು ಗುಳಿಗೆ ನುಂಗಬೇಕು.

"ತುಂಬಿ ಇಲ್ಲದ ನಾ ಎಂದ ಪೂಜಿ ಮಾಡೇನಿ?" ಎಂದಳು ಅವ್ವ. "ನಿನಗ ತರಾಕ ಆಗಂಗಿಲ್ಲಂದ್ರ ಹೇಳಿಬಿಡು ಯವ್ವಾ. ನಾಳಿನ ಬಸ್ಸಿಗೆ ಊರಿಗೆ ಹೋಗ್ತೇನಿ."

ಊರಿಗೆ ಹೋದರೆ ಬದುವಿಗೆ ಹೋಗದೆ ಬಿಡುವವಳಲ್ಲ, ಬದುವಿಗೆ ಹೋದರೆ ಬಗ್ಗದೆ ಬಿಡುವವಳಲ್ಲ. ಇಷ್ಟೆಲ್ಲ ಒದ್ದಾಡಿ ಬಂದ ಕಣ್ಣು ಮತ್ತೆ ಹೋದೀತು ಎಂಬ ಹೆದರಿಕೆ ನನಗೆ. ಸಿಟ್ಟೂ ಬಂತು. "ಅಪ್ಪ ಇದ್ದಾಗಿಂದ ಇದ ಹಟಾ ನಿಂದು!" ಎಂದು ಕೂಗಾಡಿದೆ. ಕೂಗಾಡಿ ಏನು ಬಂತು? ಮರುದಿನ ನಸುಕಿನಲ್ಲಿ ಸ್ನಾನ ಮಾಡಿ ತಟ್ಟೆ ಹಿಡಿದುಕೊಂಡು ಹೊರಟವಳು ನಾನೇ.

ಹಿಂದಿನ ಓಣಿಯಲ್ಲಿ ಮೂಲೆಯದೊಂದು ಖಾಲಿ ಸೈಟು ಸಿಕ್ಕಿತು. ಒಡೆದ ಇಟ್ಟಂಗಿಗಳ ನಡುವೆ ಮೊಣಕಾಲೆತ್ತರ ತುಂಬೆಯೋ ತುಂಬೆ! ಚೌಕನೆಯ ದಂಟು, ಗೆಣ್ಣಿಗೊಂದು ಹಸಿರು ಗುಂಡು, ಗುಂಡಿನ ಸುತ್ತ ಕೆಳತುಟಿ ಚಾಚಿದ ಬಿಳಿ ಹೂಗಳು. ತುಳಸಿಯ ಬಳಗವೇ ಆದರೂ ತುಳಸಿಗೆ ಕಟ್ಟೆ ಇದೆ, ಇದಕ್ಕೆ ಕೇಳುವವರಿಲ್ಲ. ದನ ಮೇಯ್ದು ಹೋದರೂ ಬುಡದಿಂದ ಮತ್ತೆ ಚಿಗುರುತ್ತದೆ. ಖುಷಿಗೆ ಗುಂಡುಗಳನ್ನೇ ಚಿವುಟಿ ತಟ್ಟೆ ತುಂಬಿಸಿ ತಂದೆ.

ಅವ್ವ ಮುಟ್ಟಿ ನೋಡಿದಳು. "ಇದೇನ ಇದು, ಪಲ್ಯಾಕ ತಂದಿಯೇನ? ಬರೇ ಬಿಳೀದು ಎಳಕೋಬೇಕು. ಗಿಡಕ್ಕ ನೋವಾಗಬಾರದು."

ಬರೇ ಬಿಳಿದನ್ನು ಎಳೆಯುವುದೆಂದರೆ ಸೊಂಟ ಬಿದ್ದುಹೋಗುವ ಕೆಲಸ. ಹೂವೋ ಅಕ್ಕಿನುಚ್ಚಿನಷ್ಟು ಹಗುರ. ಎಷ್ಟು ಬಿಡಿಸಿದರೂ ತಟ್ಟೆಯ ತಳ ಮುಚ್ಚದು. ಇನ್ನು ಇರುವೆಗಳ ಕತೆ ಬೇರೆ. ತುಂಬೆಯಲ್ಲಿ ಜೇನಿದೆಯಂತೆ, ಒಂದೊಂದರೊಳಗೂ ಇರುವೆ. ನಾನು ಕೊಡವದೆ ತಂದೆ, ಅವ್ವನ ಆಪರೇಷನ್ನಾದ ಕಣ್ಣಿಗೂ ಅವು ಕಾಣಲಿಲ್ಲ. ಪೂಜೆಯ ನಡುವೆ ಇರುವೆಗಳು ಅಂಗೈಯಿಂದ ಮುಂಗೈಗೆ ಹತ್ತಿ ಕಡಿಯತೊಡಗಿದವು. ಲಿಂಗ ಹಿಡಿದ ಕೈ ಕೊಡವುವ ಹಾಗಿಲ್ಲ. ಅವ್ವ ಹಲ್ಲು ಕಚ್ಚಿ ಕೂತಿದ್ದಾಳೆ, ಮುಖ ಕೆಂಪಗಾಗಿದೆ. ನಾನು ಭಕ್ತಿ ಹೆಚ್ಚಾಯಿತೆಂದು ಕೈಮುಗಿದು ನಿಂತಿದ್ದೇನೆ! ಪೂಜೆ ಮುಗಿದ ಮೇಲೆ ಬಿತ್ತು ನೋಡಿ ಬೈಗುಳ. ನಗು ತಡೆಯಲಾರದೆ ನಾನು ಅಡಿಗೆಮನೆಗೆ ಓಡಿದೆ, ಬೈಯುತ್ತ ಬೈಯುತ್ತ ಅವಳೂ ನಕ್ಕಳು.

ಆಮೇಲೆ ಕೈ ಪಳಗಿತು. ನಸುಕಿನ ತಂಪು, ಮಂಜಿಗೆ ಒದ್ದೆಯಾದ ಸೀರೆಯಂಚು, ದೂರದಲ್ಲಿ ಬಂಕಾಪುರದ ಕಡೆಗೆ ಹೋಗುವ ಮೊದಲ ಬಸ್ಸಿನ ಹಾರ್ನು. ಮದುವೆಯಾದಂದಿನಿಂದ ಅಷ್ಟು ಹೊತ್ತು ನಾನೊಬ್ಬಳೇ ಎಲ್ಲೂ ಸುಮ್ಮನೆ ನಿಂತವಳಲ್ಲ. ನಿಜ ಹೇಳುತ್ತೇನೆ, ಆ ದಿನಗಳಲ್ಲಿ ನಾನು ಸುಖವಾಗಿದ್ದೆ.

ಒಂದೇ ತೊಡಕು. ಅವ್ವ ಹಸಿದು ಕೂತಿರುವಾಗ ನನಗೆ ತುತ್ತು ಇಳಿಯದು, ಅವಳದಾದ ಮೇಲೆಯೇ ನನ್ನದು. ನನಗೆ ಶುಗರ್ ಇದೆ, ಹೊತ್ತು ಮೀರಿದರೆ ಕೈಕಾಲು ನಡುಗುತ್ತವೆ. ಅವ್ವನಿಗೆ ಇದನ್ನು ಹೇಳಿರಲಿಲ್ಲ, ಹೇಳಿದರೆ ಆ ಕ್ಷಣವೇ ಊರಿನ ಬಸ್ಸು ಹತ್ತುವಳೆಂದು.

ಒಂದು ಸೋಮವಾರ ಸೈಟಿಗೆ ಹೋದರೆ ಗಪ್ಪೆಂದು ಎಣ್ಣೆಯ ವಾಸನೆ ಬಡಿಯಿತು. ಎಲೆಗಳೆಲ್ಲ ಸುಟ್ಟು ಮುದುಡಿದ್ದವು. ಹೂಗಳು ಮಾತ್ರ ಇನ್ನೂ ಬೆಳ್ಳಗೆ ನಿಂತಿದ್ದವು. ಆ ವಿಷವನ್ನು ಅವ್ವನ ಅಂಗೈಗೆ ಹೇಗೆ ಹಾಕಲಿ? ಶಾಲೆಯ ಬೇಲಿ, ಹೈವೇ ದಂಡೆ, ಕಾಲುವೆಯ ಪಕ್ಕ, ಎಲ್ಲ ಸುತ್ತಿದೆ. ಎಲ್ಲೂ ಒಂದೆಸಳು ಸಿಗಲಿಲ್ಲ. ಬಿಸಿಲೇರಿದ ಮೇಲೆ ಬರಿ ತಟ್ಟೆ ಹಿಡಿದು ಮನೆಗೆ ಬಂದೆ.

ನಮ್ಮ ಮನೆಯವರು ಪಡಸಾಲೆಯಲ್ಲಿ ಪೇಪರ್ ಓದುತ್ತಿದ್ದರು. "ಆ ಸೈಟಿಗೆ ಎಣ್ಣಿ ಯಾರ ಹೊಡದಾರ?" ಎಂದು ಕೇಳಿದೆ.

"ಮಾಲಕರು ಮನಿ ಕಟ್ಟಾಕ ಪಾಯಾ ತೆಗಸಾಕತ್ತಾರ. ನಿನ್ನೆ ನಮ್ಮ ಅಂಗಡ್ಯಾಗಿಂದ ಎಣ್ಣಿ ಒಯ್ದರು. ಯಾಕ?"

ಯಾಕಂತೆ! ಸರಿಯಾಗಿ ಜಾಡಿಸಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಕಣ್ಣಿಗೆ ಕತ್ತಲೆ ಬಂದು ಹೊಸ್ತಿಲ ಮೇಲೆ ಕುಸಿದು ಕೂತೆ.

"ಬೆಳಿಗ್ಗಿಂದ ಏನೂ ತಿಂದಿಲ್ಲ, ಶುಗರ್ ಇಳದೈತಿ!" ಎಂದು ಇವರು ಗಾಬರಿಯಾಗಿ ಸಕ್ಕರೆ ಡಬ್ಬಿ ಹುಡುಕಲು ಒಳಗೆ ಓಡಿದರು. ಅವ್ವ ಪೂಜೆಯ ಮಣೆಯಿಂದ ಎದ್ದು ಬಂದದ್ದು ಗೊತ್ತಾಗಲಿಲ್ಲ. ಬಾಯಿಗೆ ಬಾಳೆಹಣ್ಣು ತುರುಕಿದ್ದು ಗೊತ್ತಾಯಿತು.

"ಅತ್ತಿ, ಅದು ದೇವರ ಎಡಿಗೆ ಇಟ್ಟಿದ್ದ ಹಣ್ಣರಿ!" ಎಂದರು ಡಬ್ಬಿ ಹಿಡಿದು ಬಂದ ಇವರು.

"ಗೊತ್ತೈತಿ. ತಿನ್ನವ್ವಾ, ತಿನ್ನು."

ಅರ್ಧ ಹಣ್ಣು ತಿಂದಾಗ ಜೀವ ಬಂತು. ಅಷ್ಟರಲ್ಲಿ ಇವರು ನನ್ನ ಶುಗರ್ರು, ಇಷ್ಟು ದಿನದ ಉಪವಾಸ, ಎಲ್ಲವನ್ನೂ ಒದರಿದ್ದರು. ಅವ್ವ ಕೈ ತೊಳೆದು ಬಂದು ಮಣೆಯ ಮೇಲೆ ಕೂತಳು. ಲಿಂಗಕ್ಕೆ ನೀರು ಹಾಕಿ ವಿಭೂತಿ ಧರಿಸಿದಳು. ಹೂವಿನ ಮಾತನ್ನೇ ಎತ್ತಲಿಲ್ಲ. ಉಳಿದ ಅರ್ಧ ಬಾಳೆಹಣ್ಣನ್ನು ಎಡೆ ಹಿಡಿದಳು.

"ಅವ್ವಾ, ಅದು ನನ್ನ ಎಂಜಲ!" ಎಂದೆ.

"ಇರ್ಲಿ. ನೀ ತಿಂದದ್ದ ಮೊದಲ ದೇವರಿಗೆ ಮುಟ್ಟೈತಿ."

ಆ ಹಣ್ಣನ್ನು ಕಣ್ಣಿಗೊತ್ತಿಕೊಂಡು ತಿಂದು, ಗುಳಿಗೆ ನುಂಗಿ, ನನ್ನ ಪಕ್ಕದಲ್ಲೇ ಹೊಸ್ತಿಲ ಮೇಲೆ ಬಂದು ಕೂತಳು. "ನಾಳಿಂದ ನೀ ಮೊದಲ ತಿನ್ನಬೇಕು. ನೀ ತಿಂದಿ ಅಂದ ಮ್ಯಾಲೆ ನಾ ಪೂಜಿಗೆ ಕುಂದರ್ತೇನಿ," ಎಂದಳು. ಆಮೇಲೆ ಒಳಗೆ ನೋಡಿ ಅಳಿಯನನ್ನು ಕೂಗಿದಳು. "ಉಪ್ಪಿಟ್ಟ ಹಾಕ್ಕೊಂಡ ಬರ್ರಿ, ಇಬ್ಬರೂ ಇಲ್ಲೇ ತಿಂತೇವಿ. ನನಗ ಭಾಳ ಹಸಿವ್ಯಾಗೈತಿ."

ಹಸಿವಾಗಿದೆ ಎಂದು ಅವ್ವ ಹೇಳಿದ್ದನ್ನು ನಾನು ಹುಟ್ಟಿದಾಗಿನಿಂದ ಕೇಳಿದ್ದು ಅದೇ ಮೊದಲು.