ಗೋಡೆ ಬದಿಯ ಮೂರಡಿ ನೆಲ

ಹರಿಹರಕ್ಕೆ ಬಂದ ಹತ್ತನೆಯ ದಿನ ನಾನು ಸತ್ತವರೊಬ್ಬರಿಗೆ ನಮಸ್ಕಾರ ಮಾಡಿದೆ, ಬದುಕಿದ್ದಾರೆಂದುಕೊಂಡು. ನೀರಿನ ಪೈಪು ಹಿಡಿದು ಅಂಗಳದಲ್ಲಿ ನಿಂತಿದ್ದೆ. ರಸ್ತೆಯಲ್ಲಿ ಭಜನೆ, ಊದುಬತ್ತಿಯ ಹೊಗೆ, ನಡುವೆ ಹೂವಿನ ಮಂಟಪದೊಳಗೆ ಹಣೆತುಂಬ ವಿಭೂತಿ ಧರಿಸಿದ ಅಜ್ಜ ನೆಟ್ಟಗೆ ಕೂತು ಬರುತ್ತಿದ್ದರು. ಯಾರಿಗೋ ಸನ್ಮಾನವಿರಬೇಕೆಂದು ಪೈಪನ್ನು ಕಂಕುಳಲ್ಲಿ ಸಿಕ್ಕಿಸಿ ಕೈ ಮುಗಿದೆ. ನೀರು ಲುಂಗಿಯ ಮೇಲೆಲ್ಲ ಸುರಿಯಿತು. ಎದುರುಮನೆಯ ಸಿದ್ದಪ್ಪನವರು ಆಮೇಲೆ ಬಂದು, "ಅವ್ರು ನಿನ್ನೆನೇ ಲಿಂಗೈಕ್ಯರಾದ್ರು ಸರ, ಮಣ್ಣಿಗೆ ಒಯ್ತಿದ್ರು," ಎಂದರು.

ಕುಮಟೆಯಲ್ಲಿ ನಮ್ಮ ಮನೆಯವರು ಸುಡುವವರು. ನನ್ನ ತಾಯಿಯ ಬೂದಿಯನ್ನು ಗೋಕರ್ಣದಲ್ಲಿ ಸಮುದ್ರಕ್ಕೆ ಬಿಟ್ಟಾಗ ಮೂರನೆಯ ಅಲೆಗೆ ಎಲ್ಲ ಮುಗಿದಿತ್ತು. ಇಲ್ಲಿಯ ಲಿಂಗಾಯತರು ತಮ್ಮವರನ್ನು ಕೂರಿಸಿ ಹೂಳುತ್ತಾರೆ. ನಮ್ಮಲ್ಲಿ ಸತ್ತವರು ಹೋಗುತ್ತಾರೆ, ಇಲ್ಲಿ ಕೂತಿರುತ್ತಾರೆ. ಈ ವ್ಯತ್ಯಾಸ ನನ್ನ ತಲೆಗೆ ಹತ್ತಲು ದೀಪಾವಳಿಯ ತನಕ ಬೇಕಾಯಿತು.

ಪೈಪು ಹಿಡಿದು ಏನು ಮಾಡುತ್ತಿದ್ದೆ ಎನ್ನುವುದನ್ನೂ ಹೇಳಿಬಿಡುತ್ತೇನೆ. ಹುಲ್ಲಿಗೆ ನೀರು ಹಾಕುತ್ತಿದ್ದೆ, ಅದೂ ಜೂನ್ ತಿಂಗಳಲ್ಲಿ. ಕುಮಟೆಯವರೇ, ನೀವು ನಗುತ್ತೀರಿ. ನಮ್ಮಲ್ಲಿ ಹುಲ್ಲನ್ನು ಯಾರೂ ಬೆಳೆಸುವುದಿಲ್ಲ, ಅದರಿಂದ ತಪ್ಪಿಸಿಕೊಳ್ಳುತ್ತೇವೆ. ಮಳೆಗಾಲ ಮುಗಿಯುವಷ್ಟರಲ್ಲಿ ಬಾವಿಕಟ್ಟೆ, ಹಂಚು, ಮೂಲೆಯಲ್ಲಿ ಮರೆತ ಚಪ್ಪಲಿ ಎಲ್ಲವೂ ಹಸಿರಾಗಿರುತ್ತವೆ. ಇಲ್ಲಿ ಒಂದು ಅಂಗಳ ಹಸಿರಾಗಿರಬೇಕಾದರೆ ಒಬ್ಬ ಮನುಷ್ಯ ಅದರ ಹಿಂದೆ ಬೀಳಬೇಕು. ಆ ಮನುಷ್ಯ ನಾನಾದೆ.

ವರ್ಗವಾದದ್ದು ನನ್ನ ಹೆಂಡತಿ ಶೈಲಾಗೆ. ಅವಳು ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತಾಳೆ, ನಾನು ಸಾಮಾನಿನ ಜೊತೆ ಬಂದವನು. ಕುಮಟೆಯಲ್ಲಿ ಮೂವತ್ತು ವರ್ಷ ವಾಚ್ ರಿಪೇರಿ ಅಂಗಡಿ ಇಟ್ಟಿದ್ದೆ. ಜನ ಮೊಬೈಲಿನಲ್ಲಿ ಗಂಟೆ ನೋಡತೊಡಗಿದ ಮೇಲೆ ಅಂಗಡಿಗೆ ನಾನು ಮತ್ತು ನೊಣ ಮಾತ್ರ ಬರುತ್ತಿದ್ದೆವು. ಹರಿಹರದಲ್ಲಿ ಸಿಕ್ಕ ಬಾಡಿಗೆ ಮನೆ ಹೊಳೆ ಕಡೆಗೆ ಹೋಗುವ ರಸ್ತೆಯಲ್ಲಿದೆ. ಮಾಲೀಕರು ದಾವಣಗೆರೆಯಲ್ಲಿ ಬಟ್ಟೆ ವ್ಯಾಪಾರ ಮಾಡುವ ಲಿಂಗಾಯತರು. ಬೀಗ ಕೊಡುವಾಗ ಎರಡು ಷರತ್ತು ಹಾಕಿದರು: ಒಳಗೆ ಮೀನು ಬೇಯಬಾರದು, ಹೊರಗೆ ಲಾನು ಒಣಗಬಾರದು.

ಮೀನಿಲ್ಲದ ಮೊದಲ ತಿಂಗಳನ್ನು ನಾನು ವರ್ಣಿಸುವುದಿಲ್ಲ. ಊಟದ ಹೊತ್ತಿಗೆ ಜೋಳದ ರೊಟ್ಟಿಯನ್ನು ನೋಡುತ್ತ ಕೂರುತ್ತಿದ್ದೆ, ಅದೂ ನನ್ನನ್ನು ನೋಡುತ್ತಿತ್ತು. ಬೆಣ್ಣೆ ದೋಸೆ, ಮಂಡಕ್ಕಿ, ಮೆಣಸಿನಕಾಯಿ ಬಜ್ಜಿಗೆ ನಾಲಿಗೆ ಬೇಗ ಒಪ್ಪಿತು, ಹೊಟ್ಟೆ ತಡವಾಗಿ. ಮಾತು ಇನ್ನೂ ತಡವಾಗಿ. ಸಂತೆಯ ತರಕಾರಿಯವಳು ನನ್ನ ಮಾತು ಕೇಳಿ, "ನೀವು ಪುಸ್ತಕ ಓದಿದಂಗೆ ಮಾತಾಡ್ತೀರಲ್ರಿ," ಎಂದಿದ್ದಳು. ಸಿದ್ದಪ್ಪನವರು ದಿನಾ ಬೆಳಿಗ್ಗೆ, "ಮೇಡಂ ಕಾಲೇಜಿಗೆ, ಸಾಹೇಬ್ರು ಹುಲ್ಲಿಗೆ," ಎಂದು ಕಿಚಾಯಿಸಿ ಹೋಗುತ್ತಿದ್ದರು. ಅವರು ಹೋದ ಮೇಲೆ ಶೈಲಾ ಬರುವ ತನಕ ನನ್ನ ಜೊತೆ ಮಾತಾಡುವವರು ಬುಡನ್ ಸಾಬರೊಬ್ಬರೇ.

ಬುಡನ್ ಸಾಬರು ಈ ಅಂಗಳದ ಮಾಲಿ, ಅರವತ್ತು ದಾಟಿದವರು. ಮನೆ ಕೈ ಬದಲಾದರೂ, ಬಾಡಿಗೆಯವರು ಬದಲಾದರೂ ಅವರು ಬದಲಾಗಿಲ್ಲ. ಗೇಟಿನ ಒಂದು ಬೀಗದಕೈ ಅವರ ಹತ್ತಿರವೇ ಇರುತ್ತದೆ. ಜೇಕು ಎಂಬ ಕಳೆಯ ಗಡ್ಡೆಯನ್ನು ಬುಡಸಮೇತ ಕೀಳುವುದು, ಸೋಸಿದ ಗೊಬ್ಬರವನ್ನು ಮರಳಿನ ಜೊತೆ ಬೆರೆಸಿ ಹುಲ್ಲಿನ ಮೇಲೆ ತೆಳುವಾಗಿ ಹರಡುವುದು, ಎಲ್ಲ ಅವರೇ ಕಲಿಸಿದರು. ಒಂದು ಭಾನುವಾರ ಮನೆಗೆ ಕರೆದು ಹೊಳೆಮೀನಿನ ಸಾರು ಬಡಿಸಿದರು. ಸಮುದ್ರದ ಮೀನಿನ ರುಚಿ ಅದಕ್ಕಿಲ್ಲ. ಆದರೂ ಎರಡು ಸಲ ಬಡಿಸಿಕೊಂಡೆ, ಕಣ್ಣಲ್ಲಿ ನೀರು ಬಂದದ್ದಕ್ಕೆ ಖಾರದ ನೆಪ ಹೇಳಿದೆ.

ಆದರೆ ಗೋಡೆ ಬದಿಯಲ್ಲಿ ಮೂರಡಿ ನೆಲವನ್ನು ಅವರು ಮುಟ್ಟುತ್ತಿರಲಿಲ್ಲ. ಉಳಿದ ಕಡೆ ನರ್ಸರಿಯ ಸಣ್ಣೆಲೆಯ ಹುಲ್ಲು, ಅಲ್ಲಿ ಮಾತ್ರ ಕಾಡುಗರಿಕೆ, ಮೊಣಕಾಲ ತನಕ ಬೆಳೆದಿರುತ್ತಿತ್ತು.

"ಅಲ್ಲಿ ಯಾಕೆ ಬಿಟ್ಟಿದ್ದೀರಿ?" ಎಂದು ಕೇಳಿದೆ.

"ಅಲ್ಲಿ ಬ್ಯಾಡ್ರಿ ಸರ. ಹಳೇ ದೊಡ್ಡಮ್ಮಾರು ಸಲಿಕಿ ಹಾಕ್ಬ್ಯಾಡ ಅಂದಿದ್ರು. ನಾನು ಯಾಕ ಅಂತ ಕೇಳ್ಲಿಲ್ಲ."

ಸಂತೆಯ ದಿನ ನಾನು ಚೀಲ ಹಿಡಿದು ಹೋಗಿ ಹನ್ನೊಂದಕ್ಕೆ ವಾಪಸು ಬರುತ್ತಿದ್ದೆ. ಬಂದು ನೋಡಿದರೆ ಆ ಗರಿಕೆ ಒಂದು ಆಳು ಕೂತು ಎದ್ದ ಅಳತೆಗೆ ನೆಲಕ್ಕೆ ಮಲಗಿರುತ್ತಿತ್ತು. ಗೇಟಿಗೆ ಹಾಕಿದ ಬೀಗ ಹಾಕಿದಂತೆಯೇ ಇರುತ್ತಿತ್ತು. ಶೈಲಾ, "ಬೆಕ್ಕು ಮಲಗಿರಬೇಕು," ಎಂದಳು. ಅಷ್ಟು ದೊಡ್ಡ ಬೆಕ್ಕನ್ನು ನಾನು ಕಂಡಿಲ್ಲ. ಬುಡನ್ ಸಾಬರನ್ನು ಕೇಳಿದರೆ, "ಗಾಳಿ ಇರ್ಬೇಕ್ರಿ," ಎಂದು ಬೇರೆ ಕಡೆ ನೋಡಿದರು. ಸಿದ್ದಪ್ಪನವರು ಮಾತ್ರ ನಗಲಿಲ್ಲ. "ಉಕ್ಕಡಗಾತ್ರಿಗೆ ಒಂದ್ಸಲ ಹೋಗಿ ಬಂದ್ಬಿಡ್ರಿ. ಅಜ್ಜಯ್ಯನ ಸನ್ನಿಧಿಗೆ ಹೋದ್ರೆ ಎಂಥಾವೂ ಬಿಟ್ಟು ಹೋಗ್ತಾವೆ," ಎಂದರು. ಉಕ್ಕಡಗಾತ್ರಿ ಇದೇ ಹೊಳೆಯ ದಂಡೆಯ ಊರು, ಕರಿಬಸವೇಶ್ವರನ ಸ್ಥಳ. ಮೈಮೇಲೆ ಏನಾದರೂ ಬಂದವರನ್ನು ಅಲ್ಲಿಗೆ ಕರೆದೊಯ್ಯುತ್ತಾರೆ. ನಾನು ಹೋಗಲಿಲ್ಲ. ಆದರೆ ಅಂಗಳದ ಕಿಟಕಿಗೆ ಬೆನ್ನು ಕೊಟ್ಟು ಕೂರುವುದನ್ನು ಬಿಟ್ಟೆ. ಹೆದರಿಕೆಯೇ, ಬೇರೆ ಹೆಸರು ಯಾಕೆ.

ಮಹಾನವಮಿ ಬಂತು. ಬನ್ನಿ ಎಲೆ ಕೊಟ್ಟು ಬಂಗಾರದಂಗೆ ಇರೋಣ ಎನ್ನುವುದು ಇಲ್ಲಿಯ ಪದ್ಧತಿ. ಆ ಸಂಜೆ ನನ್ನ ಕೈಗೂ ಹನ್ನೆರಡು ಜನ ಬನ್ನಿ ಕೊಟ್ಟರು. ನಾನೂ ಈ ಊರಿನವನಾದೆ ಎಂಬ ಧೈರ್ಯ ಬಂದದ್ದು ಅಂದೇ, ತಪ್ಪು ಮಾಡುವ ಧೈರ್ಯವೂ ಅದರ ಜೊತೆಗೇ ಬಂದಿರಬೇಕು.

ಮಳೆ ಹಿಂದೆ ಸರಿದು ಬಿಸಿಲು ಎಳೆಯದಾಗುವ ಈ ಶರತ್ಕಾಲವೇ ಅಂಗಳದ ಕೆಲಸಕ್ಕೆ ಹೇಳಿ ಮಾಡಿಸಿದ ಹೊತ್ತು. ಕುಮಟೆಯಿಂದ ತಮ್ಮ ಬಂದವನು ಒಂದು ಸುರಗಿ ಹೂವಿನ ಸಸಿ ತಂದಿದ್ದ. ಅದನ್ನು ನೆಡಲು ಗೋಡೆಯ ನೆರಳಿರುವ ಜಾಗ ಬೇಕಿತ್ತು, ಇದ್ದದ್ದು ಆ ಮೂರಡಿಯೇ. ಬುಡನ್ ಸಾಬರು ಮೊಮ್ಮಗಳ ಮದುವೆಗೆಂದು ವಾರ ರಜೆ ಹಾಕಿದ್ದರು. ನನಗೆ ಸಿಟ್ಟು ಬೇಗ. ನಾನು ನೀರುಣಿಸುವ ಅಂಗಳದಲ್ಲಿ ನಾನು ಮುಟ್ಟಬಾರದ ಜಾಗ ಯಾವುದು ಎಂದು ಗುದ್ದಲಿ ಎತ್ತಿದೆ. ನಿಜ ಹೇಳಬೇಕೆಂದರೆ, ಅಲ್ಲಿ ಕೂರುವುದು ಯಾವುದೋ ಅದನ್ನು ಎಬ್ಬಿಸಬೇಕಿತ್ತು.

ಎರಡೂವರೆ ಅಡಿ ಅಗೆದೆ. ಕರಿಮಣ್ಣು, ಕಲ್ಲುಚೂರು, ಹಳೆಯ ಬೇರು. ತಳದ ಹತ್ತಿರ ಒಂದು ಸಣ್ಣ ಕಪ್ಪು ಕಲ್ಲು ಸಿಕ್ಕಿತು. ಅಭ್ಯಾಸಬಲದಿಂದ ಎಡ ಅಂಗೈಯಲ್ಲಿಟ್ಟು ಬಲ ಹೆಬ್ಬೆರಳಿನಿಂದ ಮಣ್ಣು ಒರೆಸಿದೆ, ವಾಚಿನ ಬಿಡಿಭಾಗ ನೋಡುವುದೇ ಹಾಗೆ. ಅಡಿಕೆಗಿಂತ ಸಣ್ಣದು, ಕೆಳಗೆ ಚಪ್ಪಟೆ, ಮೇಲೆ ದುಂಡಗೆ, ಎಣ್ಣೆ ಹಚ್ಚಿದಂಥ ನುಣುಪು. ಮೂವತ್ತು ವರ್ಷ ಸಣ್ಣ ವಸ್ತುಗಳನ್ನೇ ನೋಡಿ ಅನ್ನ ತಿಂದವನು ನಾನು. ಚೆಂದ ಇದೆ ಎಂದುಕೊಂಡು ಉಳಿದ ಕಲ್ಲುಗಳ ಪುಟ್ಟಿಗೆ ಎಸೆದೆ. ಸುರಗಿ ನೆಟ್ಟು ನೀರು ಹಾಕಿದೆ. ಸಂಜೆ ಟ್ರ್ಯಾಕ್ಟರಿನವನೊಬ್ಬ ಹೊಳೆ ರಸ್ತೆಯ ಗುಂಡಿ ಮುಚ್ಚಲು ಕಲ್ಲು ಕೇಳಿದ, ಪುಟ್ಟಿಗಳನ್ನೆಲ್ಲ ಸಂತೋಷದಿಂದ ಸುರಿದುಕೊಟ್ಟೆ.

ದೀಪಾವಳಿ ಅಮಾವಾಸ್ಯೆಗೆ ಐದು ದಿನವಿರುವಾಗ ಬುಡನ್ ಸಾಬರು ಬಂದರು. ಸಸಿ ನೋಡಿ ನೆಲದ ಮೇಲೆ ಕೂತುಬಿಟ್ಟರು.

"ಏನಾರ ಸಿಕ್ತಾ ಸರ?"

ಕಪ್ಪು ಕಲ್ಲಿನ ಮಾತು ಹೇಳಿದೆ. ಅವರು ಕಣ್ಣು ಮುಚ್ಚಿಕೊಂಡರು. "ಅದು ಲಿಂಗ್ರೀ," ಎಂದರು.

ಆಗ ಹೇಳಿದರು. ಈ ಮನೆಯ ಹಿರಿಸೊಸೆ ಗಿರಿಜಮ್ಮ. ಗಂಡ ತೀರಿಹೋಗಿ ಪಾಲಾದಾಗ ಮನೆ ಮೈದುನನಿಗೆ, ಅಂದರೆ ನಮ್ಮ ಮಾಲೀಕರಿಗೆ, ಹೋಯಿತು, ಅವರು ದಾವಣಗೆರೆಯ ವಿನೋಬನಗರದಲ್ಲಿ ಮಗನ ಜೊತೆ ಎರಡು ಕೋಣೆಯಲ್ಲಿದ್ದಾರೆ. ಎರಡು ಮನೆಗಳಿಗೆ ಮಾತಿಲ್ಲ. ನಲವತ್ತು ವರ್ಷದ ಹಿಂದೆ ಅವರ ಒಂಬತ್ತು ದಿನದ ಹೆಣ್ಣುಕೂಸನ್ನು ಅತ್ತೆ ಮಾವ ಅಂಗಳದಲ್ಲಿ ಮಣ್ಣು ಮಾಡಿದರಂತೆ. ಸಂತೆಯ ದಿನ ನಾನು ಹೊರಗೆ ಹೋದಾಗ ಬುಡನ್ ಸಾಬರೇ ಗೇಟು ತೆಗೆದು ಬಿಡುತ್ತಿದ್ದರು. ಗಿರಿಜಮ್ಮ ಆ ಗರಿಕೆಯಲ್ಲಿ ಸ್ವಲ್ಪ ಹೊತ್ತು ಕೂತು ಹೋಗುತ್ತಿದ್ದರು. "ಅಮಾಸಿಗೆ ಬಂದೇ ಬರ್ತಾರೆ," ಎಂದರು.

ಲಿಂಗಾಯತರ ಕೊರಳಲ್ಲಿ ಬೆಳ್ಳಿಯ ಕರಡಿಗೆ ಕಂಡಿದ್ದೆ. ಒಳಗಿರುವುದನ್ನು ಕಂಡಿರಲಿಲ್ಲ, ನಮ್ಮ ಕಡೆಯವರು ಬಹಳ ಮಂದಿ ಕಂಡಿರಲಿಕ್ಕಿಲ್ಲ. ಹುಟ್ಟಿದ ಕೂಸಿಗೇ ಲಿಂಗ ಕಟ್ಟುತ್ತಾರೆ, ಸತ್ತಾಗ ಎಡ ಅಂಗೈಯಲ್ಲಿಟ್ಟು ಅದರೊಂದಿಗೇ ಮಣ್ಣು ಮಾಡುತ್ತಾರೆ ಎಂದು ಅಂದು ತಿಳಿಯಿತು. ಮಗುವಿನ ಕೈಯಿಂದ ನಾನು ಅದನ್ನು ಕಿತ್ತುಕೊಂಡಿದ್ದೆ.

ಎರಡು ದಿನ ನಾವಿಬ್ಬರೂ ಹೊಳೆ ರಸ್ತೆಯಲ್ಲಿ ಟ್ರ್ಯಾಕ್ಟರು ಕಲ್ಲು ಸುರಿದ ಗುಂಡಿಗಳನ್ನು ಕೆದಕಿದೆವು. ಮೇಲೆ ಲಾರಿ ಓಡಾಡಿ ಎಲ್ಲ ಒಂದಾಗಿತ್ತು. ಕಪ್ಪು ಚೂರುಗಳನ್ನೆಲ್ಲ ಅಂಗೈಗೆ ಹಾಕಿಕೊಂಡು ನೋಡಿದೆ. ಯಾವುದೂ ಅಲ್ಲ. ಶೈಲಾ, "ಹೇಳಬೇಡಿ. ಹುಲ್ಲು ಹಾಸಿಬಿಡಿ, ಅವರಿಗೆ ಗೊತ್ತಾಗುವುದಿಲ್ಲ. ಗೊತ್ತಾಗಿ ಆ ಜೀವ ಏನು ಮಾಡಬೇಕು?" ಎಂದಳು. ಅದೂ ಸರಿಯೆನಿಸಿತು. ಸಸಿಯ ಸುತ್ತ ಗರಿಕೆ ತಂದು ಹಚ್ಚಿದೆ. ಹೊಲಿಗೆ ಕಾಣುತ್ತಲೇ ಇತ್ತು.

ಅಮಾವಾಸ್ಯೆಯ ಬೆಳಿಗ್ಗೆ ನಾನು ಮನೆಯಲ್ಲೇ ಉಳಿದೆ. ಹತ್ತು ಗಂಟೆಗೆ ಗಿರಿಜಮ್ಮ ಬಂದರು. ಸಣಕಲು ಹೆಂಗಸು, ಕೈಯಲ್ಲಿ ಸ್ಟೀಲಿನ ಡಬ್ಬಿ. ನನ್ನನ್ನು ಕಂಡು ಗೇಟಿನಲ್ಲೇ ನಿಂತರು.

"ಗರಿಕೆ ಕಿತ್ಕಂಡು ಹೋಗಾಣ ಅಂತ ಬಂದೆ ಸರ."

"ಒಳಗೆ ಬನ್ನಿ ಅಮ್ಮಾ. ನನಗೆ ಗೊತ್ತಿದೆ," ಎಂದೆ.

ಅವರು ಸಸಿ ನೋಡಿದರು, ಹಚ್ಚಿದ ಹುಲ್ಲು ನೋಡಿದರು. ಕೂತುಕೊಂಡರು. ಡಬ್ಬಿಯಲ್ಲಿ ಒಂದು ಹೋಳಿಗೆ ಇತ್ತು. "ಇವತ್ತು ಹಿರಿಯರಿಗೆ ಹೊಸ ಬಟ್ಟಿ ಇಟ್ಟು ಎಡಿ ಹಾಕ್ತಾರೆ. ಒಂಬತ್ತು ದಿನದ ಕೂಸು ಯಾವ ಹಿರೇಳು ಅಂತ ಅದಕ್ಕೆ ಯಾರೂ ಹಾಕಲ್ಲ," ಎಂದರು. ಆ ಮಾತು ಕೇಳಿದ ಮೇಲೆ ನನ್ನಿಂದ ಮುಚ್ಚಿಡಲಾಗಲಿಲ್ಲ. ಅಗೆದದ್ದು, ಸಿಕ್ಕಿದ್ದು, ಎಸೆದದ್ದು, ಹುಡುಕಿದ್ದು ಎಲ್ಲ ಹೇಳಿದೆ. ಬೈಯಲಿ ಎಂದು ತಲೆ ತಗ್ಗಿಸಿ ನಿಂತೆ.

"ಕರ್ರಗಿತ್ತಾ?" ಎಂದರು.

"ಹೌದು."

"ಒಡದಿತ್ತಾ?"

"ಇಲ್ಲಮ್ಮಾ. ಒಂದು ಗೀರೂ ಇರಲಿಲ್ಲ. ನುಣುಪಾಗಿತ್ತು."

"ಮತ್ತೇನಾರ?"

"ಬರೀ ಮಣ್ಣು."

ಅವರು ಸಸಿಯ ಬುಡದ ಮಣ್ಣನ್ನು ಬೆರಳಿನಿಂದ ಸವರಿದರು. "ಬಾಣಂತಿ ಅಂತ ನನ್ನ ಹೊರಗೆ ಬಿಡ್ಲಿಲ್ಲ. ಗ್ವಾಡಿ ಕಡಿಗೆ ಅಂತ ನಮ್ಮತ್ತಿ ಅಂದ್ರು, ಅಷ್ಟೇ. ಇಲ್ಲೇ ಇಟ್ರಾ, ಹೊಳಿಗೆ ಬಿಟ್ರಾ, ಯಾರಿಗೆ ಕೇಳದು. ಇಷ್ಟು ವರ್ಷ ಬರೀ ಗ್ವಾಡಿ ಜೊತಿ ಮಾತಾಡ್ಕಂಡು ಹೋದ್ನೇನೋ ಅಂತಿದ್ದೆ. ಇಲ್ಲೇ ಇದ್ಲು ಹಂಗಾರೆ." ಆಮೇಲೆ ನನ್ನ ಮುಖ ನೋಡಿದರು. "ಯಾವ ಕೈಯಾಗ ಹಿಡಿದ್ರಿ ತಮ್ಮಾ?"

ಎಡಗೈ ಚಾಚಿದೆ. ಅವರು ಅದನ್ನು ಎರಡೂ ಕೈಯಲ್ಲಿ ಹಿಡಿದು ಅಂಗೈಯನ್ನು ಕಣ್ಣಿಗೆ ಒತ್ತಿಕೊಂಡರು. ನಾನು ಬೇಡ ಎನ್ನಲಿಲ್ಲ, ಅಲುಗಲಿಲ್ಲ. ಕೈ ಒದ್ದೆಯಾಯಿತು. ಲಿಂಗವನ್ನು ಎಡ ಅಂಗೈಯಲ್ಲಿಟ್ಟೇ ಪೂಜಿಸುತ್ತಾರೆ ಎಂದು ಬುಡನ್ ಸಾಬರು ಹೇಳಿದ್ದು ಆಗ ನೆನಪಾಯಿತು. ಹೋಳಿಗೆಯನ್ನು ಅರ್ಧ ಮಾಡಿ ಒಂದು ತುಂಡು ಮಣ್ಣಿನ ಮೇಲಿಟ್ಟರು, ಇನ್ನೊಂದನ್ನು ಆ ಕೈಯಲ್ಲಿ ಇಟ್ಟರು.

ಇದು ನಡೆದು ಏಳು ತಿಂಗಳಾಯಿತು. ಆಮೇಲೆ ಅವರು ಸಂತೆಯ ದಿನ ಕದ್ದು ಬರುವುದು ತಪ್ಪಿತು, ನಾನೇ ಗೇಟು ತೆಗೆಯುತ್ತೇನೆ. ಗರಿಕೆ ಮತ್ತೆ ಹಬ್ಬಿದೆ. ಸುರಗಿ ಎರಡೇ ಎಲೆಯಲ್ಲಿ ನಿಂತಿದೆ, ಬದುಕುತ್ತದೋ ಇಲ್ಲವೋ. ಈಗ ಶೈಲಾಗೆ ಕುಮಟೆಗೆ ವರ್ಗದ ಆದೇಶ ಬಂದಿದೆ. ಬಂದ ಹೊಸದರಲ್ಲಿ ಅರ್ಜಿ ಹಾಕಿಸಿದ್ದು ನಾನೇ, ಮೀನಿನ ಆಸೆಗೆ. ಹೇಳಲೆಂದು ನಿನ್ನೆ ವಿನೋಬನಗರಕ್ಕೆ ಹೋಗಿದ್ದೆ. ಗಿರಿಜಮ್ಮ ಚಹಾ ಕೊಟ್ಟು ಕೇಳಿಸಿಕೊಂಡರು.

"ಊರು ಕರದ್ರೆ ಹೋಗ್ಬೇಕು ತಮ್ಮಾ," ಎಂದರು. "ವರ್ಷಕ್ಕೊಂದ್ಸಲ ಅಮಾಸಿಗೆ ಆ ಕೈ ಕರಕಂಡು ಬರ್ರಿ, ಸಾಕು."

ಬರುತ್ತೇನೆ ಎಂದೆ. ಸಾಮಾನು ಕಟ್ಟುತ್ತಿದ್ದೇವೆ. ಕುಮಟೆಯ ಮಳೆ, ಸಮುದ್ರ, ಮೀನು ಎಲ್ಲ ನನ್ನವೇ, ಅದರಲ್ಲಿ ಅನುಮಾನವಿಲ್ಲ. ಆದರೆ ಹೆಸರಿಡುವ ಮೊದಲೇ ಹೋದ ಆ ಹುಡುಗಿಯದೆಂದು ಅವಳ ತಾಯಿಗೆ ಉಳಿದಿರುವುದು ನನ್ನ ಎಡಗೈಯೊಂದೇ, ಅದನ್ನೂ ನಾನು ಬಸ್ಸು ಹತ್ತಿಸಿಕೊಂಡು ಹೋಗುತ್ತಿದ್ದೇನೆ.