ಎರಡು ಗೆರೆ ಎಳೆದ ಹಾಳೆ

"ಮಾರ್ಕೆಟ್ಟಿಗೆ ಹೋಗ್ರಿ. ಕೈಯಾಗೆ ಪೆನ್ನು ಬ್ಯಾಡ, ಫೋನು ಬ್ಯಾಡ. ಅರ್ಧ ತಾಸು ಸುಮ್ನೆ ತಿರುಗಾಡ್ಕೊಂಡು ಬರ್ರಿ. ಬಂದ ಮ್ಯಾಲೆ ಹಾಳೆಗೆ ಉದ್ದಕ್ಕೆ ಎರಡು ಗೆರೆ ಎಳೀರಿ, ಮೂರು ಮನೆ ಆಗ್ತಾವೆ. ಮೊದಲ್ನೇ ಮನೆಯಾಗೆ ಕಂಡಿದ್ದು ಬರೀರಿ. ಎರಡ್ನೇದ್ರಾಗೆ ಕೇಳಿದ್ದು. ಮೂರ್ನೇದ್ರಾಗೆ ನಿಮಗೆ ಅನಿಸಿದ್ದು. ಒಂದು ಮನೇದು ಇನ್ನೊಂದು ಮನೆಗೆ ಹೋದ್ರೆ ಹಾಳೆ ಹರಿದು ಹಾಕ್ತೀನಿ. ನೀವು ಕ್ಯಾಪ್ಟನ್ ಸಾಹೇಬ್ರು, ನಾನು ಸುಬೇದಾರ. ಹೊರಗೆ ಸಿಕ್ರೆ ಸೆಲ್ಯೂಟ್ ನಾನೇ ಹೊಡೀತೀನಿ. ಈ ಕೋಣೆಯಾಗೆ ಮಾತ್ರ ಹಾಳೆ ಹರಿಯೋನು ನಾನು. ನಿಮಗೆ ಅನಿಸಿದ್ದನ್ನ ಕಂಡಿದ್ದು ಅಂತ ಬರೆದ್ರೆ, ಅದನ್ನ ನಂಬ್ಕೊಂಡು ಹೋದ ಹತ್ತು ಹುಡುಗ್ರು ವಾಪಸ್ ಬರಾಕಿಲ್ಲ."

ಬೆನಕಪ್ಪನವರು ಇದನ್ನು ಹೇಳುತ್ತಿದ್ದದ್ದು ಹಿಂದಿಯಲ್ಲಿ. ಸಂಜೆ ಕ್ವಾರ್ಟರ್ಸಿಗೆ ಬಂದು ಚಹಾ ಕುಡಿಯುತ್ತ, ಹೆಂಡತಿ ಶಿವಲೀಲಮ್ಮನ ಮುಂದೆ ಮತ್ತೊಮ್ಮೆ ಸಂತೇಬೆನ್ನೂರಿನ ಮಾತಿನಲ್ಲಿ ಹೇಳಿ ತೋರಿಸುತ್ತಿದ್ದರು. ಸೈನ್ಯದ ಗುಪ್ತಚರ ಕೆಲಸಕ್ಕೆ ಸಿಪಾಯಿಗಳನ್ನೂ ಆಫೀಸರುಗಳನ್ನೂ ತಯಾರು ಮಾಡುವ ಶಾಲೆಯಲ್ಲಿ ಅವರು ಹನ್ನೊಂದು ವರ್ಷ ಕಲಿಸಿದರು. ಅಲ್ಲಿನ ಗುಟ್ಟಿನ ಮಾತು ಒಂದನ್ನೂ ಮನೆಗೆ ತರಲಿಲ್ಲ. ತಂದದ್ದು ಬರೀ ಶಿಷ್ಯರ ಕಥೆ. ಮುಖಕ್ಕೆ ಮೀಸೆ ಸರಿಯಾಗಿ ಬಾರದ ಒಬ್ಬ ಲೆಫ್ಟಿನೆಂಟು "ಅಂಗಡಿಯವನು ಹೆದರಿದ್ದ" ಎಂದು ಬರೆದಿದ್ದನಂತೆ. "ಹೆದರಿಕೆ ಯಾವ ಬಣ್ಣದ್ದಿತ್ತು ಸಾಹೇಬ್ರೆ? ನೀವು ಕಂಡಿದ್ದು ಅವನ ಬೆವರು. ಅದೂ ಮೇ ತಿಂಗಳು," ಎಂದು ಇವರು ಆರು ಸಲ ಬರೆಸಿದರಂತೆ. ಅದೇ ಹುಡುಗ ಕೋರ್ಸು ಮುಗಿದ ದಿನ ಮನೆಗೆ ಬಂದು ಶಿವಲೀಲಮ್ಮನ ಕೈಯ ರೊಟ್ಟಿ ಎಣ್ಣೆಗಾಯಿ ಉಂಡು ಹೋಗಿದ್ದ.

ಪಾಠ ಮನೆಯೊಳಗೂ ಹೊಕ್ಕಿತ್ತು. ಮಗಳು ಸಂಧ್ಯಾರಾಣಿ ಚಿಕ್ಕವಳಿದ್ದಾಗ "ಮಿಸ್ಸಿಗೆ ನನ್ನ ಕಂಡ್ರೆ ಆಗಲ್ಲ" ಎಂದು ಅತ್ತರೆ, "ಯಾವ ಮನೇದು ಪುಟ್ಟಿ ಅದು?" ಎನ್ನುತ್ತಿದ್ದರು. ಮೂಗು ಸೊರಗುಟ್ಟಿಸುತ್ತ ಮಗು "ಮೂರ್ನೇದು" ಎನ್ನುತ್ತಿತ್ತು.

ಪಿಂಚಣಿಯಾಗಿ ಊರಿಗೆ ಬಂದ ಮೇಲೆ, ಈ ವರ್ಷ ಸಂಧ್ಯಾರಾಣಿಗೆ ಜಗಳೂರಿನಿಂದ ಒಂದು ಸಂಬಂಧ ಬಂತು. ಹುಡುಗ ಸತೀಶ್ ಕುಮಾರ್, ತರಕಾರಿ ಸಸಿ ಬೆಳೆಸಿ ಮಾರುವ ನರ್ಸರಿ ಇಟ್ಟವನು. ಹೆಣ್ಣು ನೋಡಲು ಬಂದ ದಿನವೇ ಮಗಳ ಮನಸ್ಸು ಅತ್ತ ವಾಲಿದ್ದನ್ನು ಶಿವಲೀಲಮ್ಮ ಗಮನಿಸಿದ್ದರು. ಅವತ್ತಿನಿಂದ ಹುಡುಗಿ ಕೊತ್ತಂಬರಿ ಬೇರನ್ನೂ ಎಸೆಯದೆ ಮಣ್ಣಿಗೆ ಊರುತ್ತಿದ್ದಳು. ಆದರೆ ಒಪ್ಪಿಗೆ ಹೇಳುವ ಮೊದಲು ಯಾರಾದರೂ ಗಂಡಿನ ಊರಿಗೆ ಸದ್ದಿಲ್ಲದೆ ಹೋಗಿ ವಿಚಾರಿಸಿಕೊಂಡು ಬರುವುದು ಪದ್ಧತಿ. ಸೋದರಮಾವ ಹೊರಟಿದ್ದ. ಬೆನಕಪ್ಪನವರು ಬಿಡಲಿಲ್ಲ. "ನನ್ನ ಕೆಲಸ ನನಗೇ ಕಲಿಸ್ತೀರೇನು?"

ಮಧ್ಯಾಹ್ನ ವಾಪಸಾದವರು ಶೂ ಬಿಚ್ಚುತ್ತಲೇ ಅಂದರು: "ಬ್ಯಾಡ. ಕುಡುಕ."

ಸಂಧ್ಯಾರಾಣಿಯ ಕೈಯ ನೀರಿನ ಲೋಟ ಅಲ್ಲೇ ನಿಂತಿತು. ಅವಳು ಅಳಲಿಲ್ಲ. ಒಳಗೆ ಹೋಗಿ ಹಾಳೆ ತಂದಳು, ಉದ್ದಕ್ಕೆ ಎರಡು ಗೆರೆ ಎಳೆದಳು, ಪೆನ್ನು ಕೈಗಿಟ್ಟಳು.

"ಬರೀರಿ ಅಪ್ಪಾಜಿ."

"ನಿಮ್ಮಪ್ಪಗೇ ಪರೀಕ್ಷೆನಾ?"

"ಸಾಹೇಬ್ರಿಗೇ ಬಿಟ್ಟಿಲ್ಲ ನೀವು."

ಬೆನಕಪ್ಪನವರು ಗೊಣಗುತ್ತ ಬರೆದರು. ಕಂಡದ್ದು: ಬೆಳಿಗ್ಗೆ ಎಂಟಕ್ಕೆ ಹುಡುಗ ವೈನ್ ಶಾಪಿನ ಹಿತ್ತಲಿನಿಂದ ಬಾಟ್ಲಿಯ ರಟ್ಟಿನ ಡಬ್ಬ ತಲೆ ಮೇಲಿಟ್ಟುಕೊಂಡು ಮನೆಗೆ ಹೋದ. ಕೇಳಿದ್ದು: "ದಿನಾ ಒಯ್ತಾನ್ರೀ" ಎಂದು ಚಹಾ ಅಂಗಡಿಯವನು ನಕ್ಕ.

ಶಿವಲೀಲಮ್ಮ ಅಡುಗೆಮನೆ ಬಾಗಿಲಲ್ಲೇ ನಿಂತು ಕೇಳುತ್ತಿದ್ದರು. "ಡಬ್ಬ ಎರಡೂ ಕೈಲಿ ಹಿಡ್ದಿದ್ನೇನ್ರೀ?"

"ಇಲ್ಲ, ಒಂದೇ ಕೈ. ಇನ್ನೊಂದ್ರಾಗೆ ಯಾರ್ಗೋ ನಮಸ್ಕಾರ ಹೊಡೀತಿದ್ದ."

"ಬಾಟ್ಲಿ ಸಪ್ಪಳ ಕೇಳ್ತಾ?"

"ಕೇಳ್ಲಿಲ್ಲ," ಎಂದರು ಬೆನಕಪ್ಪನವರು. ಆಮೇಲೆ ಮೂರನೇ ಮನೆಯಲ್ಲಿ, ಸಣ್ಣ ಅಕ್ಷರದಲ್ಲಿ "ಕುಡುಕ" ಎಂದು ಬರೆದರು.

"ಫೋನ್ ಮಾಡಿ ಕೇಳ್ಲಾ ಅಪ್ಪಾಜಿ?"

"ಬ್ಯಾಡ. ತಪ್ಪು ನಂದು. ನಾಳೆ ನಾನೇ ಹೋಗ್ತೀನಿ, ಈ ಸಲ ಅವರ ಮನೆ ಬಾಗಿಲಿಗೇ."

ಮರುದಿನ ಸಂಜೆ ಬಸ್ಸಿಳಿದು ಬಂದವರ ತಲೆಯ ಮೇಲೇ ಒಂದು ಬಾಟ್ಲಿ ಡಬ್ಬ! ಓಣಿಯ ಕಟ್ಟೆಯಲ್ಲಿ ಕೂತಿದ್ದ ಚೌಡಕ್ಕ ಬಿಟ್ಟಾಳೆಯೇ? "ಏನ್ರೀ ಬೆನಕಣ್ಣ, ಮಿಲ್ಟ್ರಿ ಕೋಟಾ ಈಗ ಎಲ್ರ ಮುಂದೇನೆ ಹೊತ್ಕೊಂಡು ಬರ್ತೀರಲ್ಲ!"

"ಅನಿಸಿದ್ದನ್ನ ಅನ್ಕೊಳವ್ವ," ಎಂದು ನಗುತ್ತ ಬಂದ ಬೆನಕಪ್ಪನವರು ಡಬ್ಬವನ್ನು ಹುಷಾರಾಗಿ ಪಡಸಾಲೆಯಲ್ಲಿಳಿಸಿದರು. ಒಳಗೆ ಹಸಿ ಮಣ್ಣಿನ ವಾಸನೆ, ಸಾಲಾಗಿ ಬದನೆ ಸಸಿ. ರೈತರು ಬೈಕಿನಲ್ಲಿ ಸಸಿ ಒಯ್ಯುವಾಗ ಗಾಳಿ ಹೊಡೆಯಬಾರದೆಂದು ಹುಡುಗ ವೈನ್ ಶಾಪಿನ ಖಾಲಿ ಡಬ್ಬಗಳನ್ನು ತಂದಿಟ್ಟುಕೊಳ್ಳುತ್ತಾನಂತೆ.

"ಮೊನ್ನೆ ಬೇರೆ ಹೆಣ್ಣಿನ ಕಡೆಯಿಂದ ಬಂದೋರು ಹಂಗೇ ತಿಳ್ಕೊಂಡು ಎದ್ದು ಹೋದ್ರಂತೆ," ಎಂದರು. "ನಾನೂ ಅವರಂಗೇ ಬಸ್ ಹತ್ತಿ ಬಂದಿದ್ನಲ್ಲ."

"ನೀವು ನಿನ್ನೆ ಹೋಗಿದ್ದು ಅವರಿಗೆ ಗೊತ್ತಾತೇನು?" ಎಂದು ಶಿವಲೀಲಮ್ಮ ಕೇಳಿದರು.

"ಆಗ್ದೇ ಇರ್ತದಾ? ಆ ಕ್ರಾಪು, ಆ ಪಾಲಿಶ್ ಶೂ, ಕೋಲು ನುಂಗ್ದಂಗೆ ಕುಂತಿದ್ದು. ನಾನು ಚಹಾಕ್ಕೆ ಹೇಳೋದ್ರಾಗೆ ಊರಿಗೆಲ್ಲ ಸುದ್ದಿ. 'ಹೋಟ್ಲಾಗೆ ಯಾಕೆ ಕುಂತ್ರಿ ಮಾವಾರೆ, ಮನೆಗೇ ಬರಬಾರ್ದಿತ್ತಾ' ಅಂದ ಹುಡುಗ."

ಶಿವಲೀಲಮ್ಮ ಸೆರಗು ಬಾಯಿಗಿಟ್ಟುಕೊಂಡು ನಕ್ಕರು. "ಸೈನ್ಯಕ್ಕೆಲ್ಲ ಕಲಿಸಿದೋರು!"

"ಇಪ್ಪತ್ತನೇ ತಾರೀಖಿಗೆ ಬರ್ರಿ, ಮಾತುಕತೆ ಮುಗಿಸೋಣ ಅಂದು ಬಂದೀನಿ," ಎಂದು ಮಗಳ ಕಡೆ ನೋಡಿದರು.

ಸಂಧ್ಯಾರಾಣಿ ಡಬ್ಬ ಎತ್ತಿಕೊಂಡು ಹಿತ್ತಲಿಗೆ ಹೋದಳು. ಒಂದು ಘಳಿಗೆಗೆ ಮಣ್ಣು ಅಗೆಯುವ ಸನಿಕೆಯ ಸಪ್ಪಳ ಕೇಳಿಸಿತು.

"ಈಗ ಇದನ್ನ ನೋಡ್ರಿ," ಎಂದು ಶಿವಲೀಲಮ್ಮ ಸಾರಿನ ಬೇಳೆಯ ಮೊರವನ್ನು ಗಂಡನ ತೊಡೆಯ ಮೇಲಿಟ್ಟರು. ಬೆನಕಪ್ಪನವರು ಕನ್ನಡಕ ಏರಿಸಿ, ಬೇಳೆಯನ್ನು ಬೆರಳಿನಿಂದ ಸರಿಸುತ್ತ ಕಲ್ಲು ಆರಿಸತೊಡಗಿದರು.