ಶೂ ಅಂಗಡಿಯ ಡಾಕ್ಟರ್

ಓರಿನ್ ಟ್ಯಾಲ್ಬಟ್‌ಗೆ ಗೊತ್ತಿದ್ದ ಕಾಯಿಲೆಯೆಂದರೆ ಕಾಲಿನ ಆಣಿಯೊಂದೇ. ಹೊಬೊಕನ್ನಿನ ಶೂ ಅಂಗಡಿಯಲ್ಲಿ ಇಪ್ಪತ್ತು ವರ್ಷ ಮಂಡಿಯೂರಿ ಕುಳಿತು ಊರವರ ಪಾದ ಅಳೆದವನು ಅವನು. ಅಂಥವನನ್ನು ಡಾಕ್ಟರ್ ಮಾಡಿದ್ದು ಕಿವಿಯ ಮೇಲಿನ ನರೆ. ಎರಡನೇ ಮಹಾಯುದ್ಧ ಮುಗಿದ ಮರುವರ್ಷ ಶೂ ಕೊಳ್ಳಲು ಬಂದ ಜಾಹೀರಾತಿನವನೊಬ್ಬ ಆ ನರೆ ನೋಡಿ, ನದಿಯಾಚೆ ನ್ಯೂಯಾರ್ಕಿಗೆ ಕರೆದೊಯ್ದು, ಬಿಳಿ ಕೋಟು ತೊಡಿಸಿ, ಬೆರಳ ಸಂದಿಗೆ ಸಿಗರೇಟು ಸಿಕ್ಕಿಸಿ ಫೋಟೊ ತೆಗೆಸಿದ. ಕೆಳಗೆ ಅಚ್ಚಾದ ಸಾಲು: "ಇದು ಗಂಟಲಿಗೆ ಹಿತ." ಹೇಳಿದವನು ಯಾರು, ಏನು ಓದಿದವನು ಎಂದು ಒಬ್ಬರೂ ಕೇಳಲಿಲ್ಲ. ಕೋಟು ಬಿಳಿಯಿದ್ದರೆ ಸಾಕಿತ್ತು, ನಾವು ಅಷ್ಟು ದಡ್ಡರಿದ್ದೆವು.

ಪತ್ರಿಕೆಯಲ್ಲಿ ಆ ಜಾಹೀರಾತು ಬಂದ ದಿನದಿಂದ ಬೀದಿಗೆಲ್ಲ ಅವನೇ ಡಾಕ್ಟರ್. ಕ್ಷೌರದಂಗಡಿಯ ಸಾಲ್ವೊ ಅವನೆದುರು ಬಗ್ಗಿ ನಿಂತು, "ಡಾಕ್ಟ್ರೇ, ನನ್ ಸೊಂಟ ಸ್ವಲ್ಪ ನೋಡಿ" ಎನ್ನುತ್ತಿದ್ದ.

"ನಿಂಗೆ ಹೊಸ ಶೂ ಬೇಕು ಕಣಯ್ಯ. ಊಟಕ್ಕೆ ಮುಂಚೆ ಒಂದ್ ಜೊತೆ, ಆಮೇಲೊಂದ್ ಜೊತೆ" ಎನ್ನುತ್ತಿದ್ದ ಓರಿನ್.

ಎಲ್ಲರೂ ನಗುತ್ತಿದ್ದರು. ಆದರೆ ದಿನವಿಡೀ ಕಂಡವರ ಕಾಲ ಬುಡದಲ್ಲಿ ಕೂತವನಿಗೆ ಆ ಹೆಸರಿನ ರುಚಿ ಹತ್ತಿಬಿಟ್ಟಿತು. ನಡಿಗೆ ಬದಲಾಯಿತು, ಮಾತಿಗೆ ಮುಂಚೆ ಗಂಟಲು ಸರಿಮಾಡಿಕೊಳ್ಳುವುದನ್ನೂ ಕಲಿತ.

ಹೆಂಡತಿ ಡೆಲ್ಲ ಚರ್ಚಿನಲ್ಲಿ ಹಾಡುವವಳು, ದಿನಕ್ಕೊಂದು ಪ್ಯಾಕ್ ಸೇದುವವಳು. ಐದಾರು ವರ್ಷದ ಮೇಲೆ ಅವಳ ದನಿ ಒಡೆಯಿತು. ಊರಿಗೆ ಹೊಸದಾಗಿ ಬಂದಿದ್ದ ಎಳೆಯ ಡಾಕ್ಟರು, ಓದಿ ಪಾಸಾದವರು, ಸಿಗರೇಟು ಬಿಟ್ಟು ಬೇಗ ದೊಡ್ಡಾಸ್ಪತ್ರೆಗೆ ತೋರಿಸಿ ಎಂದರು. ಅವಳು ಹೆದರಿ ಮನೆಗೆ ಬಂದಳು.

"ಬಿಡ್ಬೇಕಂತೆ. ಏನ್ಮಾಡ್ಲಿ, ನೀನೇ ಹೇಳು."

"ಅವನಿಗಿನ್ನೂ ಮೀಸೆ ಸರಿಯಾಗಿ ಬಂದಿಲ್ಲ. ಎಲ್ಲಿ, ಆ ಅನ್ನು."

ಚಮಚದಿಂದ ನಾಲಿಗೆ ಒತ್ತಿ, ಮುಖವನ್ನು ಕಿಟಕಿಯ ಬೆಳಕಿಗೆ ತಿರುಗಿಸಿ, ಓರಿನ್ ಬಹಳ ಹೊತ್ತು ನೋಡಿದ. ಏನು ಕಂಡನೋ ದೇವರೇ ಬಲ್ಲ. "ನೆಗಡಿಗೆ ಗಂಟ್ಲು ಕಟ್ಟಿದೆ, ಅಷ್ಟೆ. ಆಸ್ಪತ್ರೆ ಗೀಸ್ಪತ್ರೆ ಏನೂ ಬೇಡ. ಸೇದು" ಎಂದು ತಾನೇ ಕಡ್ಡಿ ಗೀರಿ ಹಚ್ಚಿಕೊಟ್ಟ. ಅವನ ಎಷ್ಟೋ ತಪ್ಪುಗಳನ್ನು ನಾವು ಬೀದಿಯವರು ಹೊಟ್ಟೆಗೆ ಹಾಕಿಕೊಂಡಿದ್ದೇವೆ. ಆ ಒಂದು ಕಡ್ಡಿಯನ್ನು ಮಾತ್ರ ಹಾಕಿಕೊಳ್ಳಲಾಗಲಿಲ್ಲ.

ವರ್ಷ ಕಳೆದು ಆಸ್ಪತ್ರೆ ಸೇರುವಾಗ ತಡವಾಗಿ ಹೋಗಿತ್ತು. ಗಂಟಲಿನ ಗೆಡ್ಡೆಯ ಜೊತೆ ದನಿಯನ್ನೂ ಕತ್ತರಿಸಿ ತೆಗೆದರು. ರೋಗ ಮಾತ್ರ ಉಳಿಯಿತು. ಡೆಲ್ಲ ಬೇಕಾದ್ದನ್ನೆಲ್ಲ ಚೀಟಿಯಲ್ಲಿ ಬರೆಯುತ್ತಿದ್ದಳು: ನೀರು, ದಿಂಬು, ಕಿಟಕಿ ಮುಚ್ಚು. ಅದಕ್ಕಿಂತ ಹೆಚ್ಚಿನದೇನನ್ನೂ ಗಂಡನಿಗೆ ಬರೆಯಲಿಲ್ಲ. ಒಂದು ಮಧ್ಯಾಹ್ನ ಓರಿನ್ ತಡೆಯಲಾರದೆ ಮಂಚದ ಪಕ್ಕ ಕುಸಿದು ಕೂತ.

"ಅದು ಬರೀ ಫೋಟೊ ಕಣೇ ಡೆಲ್ಲ. ನಾನು ಶೂ ಮಾರೋನು, ನಿಂಗೆ ಗೊತ್ತಿರ್ಲಿಲ್ವಾ? ಊರೋರೆಲ್ಲ ತಮಾಷೆಗೆ ಡಾಕ್ಟ್ರು ಅಂತಿದ್ರು. ನೀನ್ಯಾಕೆ ನಂಬ್ದೆ?"

ಅವಳು ಪೆನ್ಸಿಲ್ ತೆಗೆದುಕೊಂಡು ನಿಧಾನವಾಗಿ ಬರೆದಳು. ಚೀಟಿಯನ್ನು ಅವನ ಕಡೆ ತಿರುಗಿಸಿ ಹಿಡಿದಳು.

"ಡಾಕ್ಟರಲ್ಲ ಅಂತ ಗೊತ್ತಿತ್ತು. ಗಂಡ ಅಂತ ನಂಬಿದೆ."